ಜಾಲಿ ಅಣಬೆಯ ಜವಾಬ್ದಾರಿಯುತ ವಿಲೇವಾರಿ

ಜಾಲಿ ಅಣಬೆಯು ಆಷಾಢದ ಒಂದು ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ವಿಷವಾಯಿತು. ಬೆಳಗಿನ ಕಲಾಪದಲ್ಲಿಯೇ ಅದು ವಿಷವಾಗಬೇಕಾಗಿತ್ತು. ಆದರೆ ರಾಯಚೂರಿನಲ್ಲಿ ಸೇರಿದ್ದ ಅಣಬೆ ಸುರಕ್ಷತಾ ಮಂಡಳಿಯ ಆ ಸಭೆಗೆ ಅದರದೇ ಪಲ್ಯ ಮಾಡಿಸಿದ್ದರು. ಮಾನ್ಯ ಸದಸ್ಯರಿಗೆ ಮುಜುಗರವಾಗಬಾರದೆಂದು ವಿಷಯವನ್ನು ಊಟದ ನಂತರಕ್ಕೆ ಇಡಲಾಯಿತು. ಎಲ್ಲರೂ ಕೈ ತೊಳೆದು ಬಂದು, ಎಲೆ ಅಡಿಕೆ ಹಾಕಿಕೊಂಡು, ಅಣಬೆಯನ್ನು ಸರ್ವಾನುಮತದಿಂದ ವಿಷವೆಂದು ಘೋಷಿಸಿದರು.

ಈ ಸುದ್ದಿ ಕೇಳಿ ದೇವದುರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ಗದ್ದೆಮ್ಮ. ಬಸ್ ನಿಲ್ದಾಣದ ಎದುರಿನ ಖಾನಾವಳಿ ಅವಳದು. ಆ ಖಾನಾವಳಿಗೆ ಹೆಸರು ಬಂದದ್ದೇ ಜಾಲಿ ಅಣಬೆಯಿಂದ. ಮಳೆ ಬಿದ್ದು, ಜಾಲಿ ಗಿಡಗಳ ಬುಡದಲ್ಲಿ ಕಂದು ಟೋಪಿ ಹಾಕಿಕೊಂಡು ಅದು ಎದ್ದಿತೆಂದರೆ, ಮಸರಕಲ್ಲಿನಿಂದಲೂ ಗಬ್ಬೂರಿನಿಂದಲೂ ಬಸ್ಸಿನಲ್ಲಿ ಬುಟ್ಟಿ ಬರುತ್ತಿದ್ದವು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗುರೆಳ್ಳು ಪುಡಿ ಹಾಕಿ ಗದ್ದೆಮ್ಮ ಒಗ್ಗರಣೆ ಕೊಟ್ಟರೆ, ರಾಯಚೂರಿಗೆ ಟಿಕೆಟ್ ತೆಗೆಸಿದವರೂ ದೇವದುರ್ಗದಲ್ಲೇ ಇಳಿದುಬಿಡುತ್ತಿದ್ದರು.

ಕುರಿ ಕಾಯುವ ಅವಳ ಗಂಡ ಸಾಬಣ್ಣನಂತೂ ಹಲ್ಲು ಬಂದಾಗಿನಿಂದ ಅದನ್ನು ತಿಂದವನು. ಹೋದ ವರ್ಷದ ಮಳೆಗಾಲದಲ್ಲಿ ಅವನ ಕಣ್ಣು ಅರಿಶಿನವಾದವು, ಹೊಟ್ಟೆ ಉಬ್ಬಿತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಸಂಘಮಿತ್ರಾ ಅವನನ್ನು ಹೇಗೋ ಉಳಿಸಿಕೊಂಡು, ಗದ್ದೆಮ್ಮನನ್ನು ಹೊರಗೆ ಕರೆದರು.

"ಇದು ನಿನ್ನಿ ತಿಂದಿದ್ದಕ್ಕ ಬಂದದ್ದಲ್ಲಮ್ಮ. ವರ್ಷಾನುಗಟ್ಟಲೆ ತಿಂದದ್ದು ಒಳಗ ಕೂತು ಕೂತು ಈಗ ಎದ್ದದ. ಇನ್ನೊಮ್ಮಿ ತಿಂದ್ರ ನನ್ನ ಕೈಲೂ ಆಗಂಗಿಲ್ಲ."

ಅವತ್ತೇ ಗದ್ದೆಮ್ಮ ಅಣಬೆ ಬಿಟ್ಟಳು. ಬುಟ್ಟಿ ತಂದವರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸಿದಳು. ಗಿರಾಕಿಗಳು ಮುಖ ತಿರುವಿಕೊಂಡು ಬೇರೆ ಖಾನಾವಳಿಗೆ ನಡೆದರು. ಅವಳು ಪುಂಡಿಪಲ್ಯ ಬಡಿಸಿಕೊಂಡು, ಬಂದಷ್ಟು ಬರಲಿ ಎಂದು ಇದ್ದಳು. ಡಾಕ್ಟರು ಮಂಡಳಿಗೆ ತಿಳಿಸಿದ ಸಂಗತಿಯು ವರ್ಷವಿಡೀ ಮೇಜಿನಿಂದ ಮೇಜಿಗೆ ನಡೆದು ಈಗ ತೀರ್ಮಾನ ಮುಟ್ಟಿತ್ತು.

ಹೀಗಾಗಿ ಮಂಡಳಿಯ ಜಾಗೃತಿ ಅಧಿಕಾರಿ ಉದಯಕುಮಾರ ಅವರು ಜೀಪಿನಿಂದ ಇಳಿದಾಗ ಗದ್ದೆಮ್ಮ ಕುರ್ಚಿ ಒರೆಸಿ, ಚಹಾ ಕೊಟ್ಟಳು.

"ಭಾಳ ಛಲೋ ಕೆಲಸ ಮಾಡಿದ್ರಿ ಸಾಹೇಬ್ರ. ಇನ್ಮ್ಯಾಗ ಯಾರೂ ಅದನ್ನ ಮಾಡಂಗಿಲ್ಲ."

"ಖಂಡಿತ," ಎಂದರು ಉದಯಕುಮಾರ. "ಅದರ ಸಲುವಾಗಿಯೇ ತಾವು ಅದನ್ನು ಮೊದಲು ಗಬ್ಬೂರಿನಲ್ಲಿ, ಆಮೇಲೆ ಮಾನ್ವಿಯಲ್ಲಿ, ಹೀಗೆ ಊರೂರಿನಲ್ಲಿ ಮಾಡತಕ್ಕದ್ದು."

ಗದ್ದೆಮ್ಮನಿಗೆ ತನ್ನ ಕಿವಿಯ ಮೇಲೆಯೇ ಅನುಮಾನ ಬಂತು. ಉದಯಕುಮಾರ ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಏನನ್ನು ತಿನ್ನಬಾರದೆಂಬುದನ್ನು ಸಾರ್ವಜನಿಕರು ಕಣ್ಣಾರೆ ಕಂಡು, ಮೂಸಿ ತಿಳಿಯಬೇಕು. ಇದಕ್ಕೆ ಪ್ರಾತ್ಯಕ್ಷಿಕೆ ಎನ್ನುತ್ತಾರೆ. ಕೆಟ್ಟದಾಗಿ ಮಾಡಿ ತೋರಿಸಿದರೆ ಜನ ಅಡುಗೆಯವರನ್ನು ಬಯ್ಯುತ್ತಾರೆಯೇ ಹೊರತು ಅಣಬೆಯನ್ನಲ್ಲ. ಆದ್ದರಿಂದ ಚೆನ್ನಾಗಿ ಮಾಡುವವರೇ ಬೇಕು.

"ನಾ ಮಾಡಂಗಿಲ್ರಿ. ನಮ್ಮ ಮನಿಯವ್ರು ಸತ್ತು ಬದುಕ್ಯಾರ."

"ಒತ್ತಾಯವಿಲ್ಲ. ಆದರೆ ಇನ್ನು ಮುಂದೆ ಖಾನಾವಳಿಗಳು ಅಣಬೆಮುಕ್ತ ಪ್ರಮಾಣಪತ್ರ ಹೊಂದತಕ್ಕದ್ದು. ತಪ್ಪಿದರೆ ಬೀಗ. ಪ್ರಮಾಣಪತ್ರವನ್ನು ಪ್ರಾತ್ಯಕ್ಷಿಕೆ ನಡೆಸಿಕೊಟ್ಟವರಿಗೆ ಮಾತ್ರ ಕೊಡಲಾಗುವುದು."

"ಅಣಬಿ ಮಾಡಂಗಿಲ್ಲ ಅನ್ನಾಕ ಅಣಬಿ ಮಾಡಬೇಕೇನ್ರಿ?"

"ಮಾಡಲು ಬಾರದವರು ಮಾಡುವುದಿಲ್ಲ ಎಂದರೆ ಅದಕ್ಕೇನು ಬೆಲೆಯಮ್ಮ?" ಎಂದರು ಉದಯಕುಮಾರ. ಅವರು ಕೆಟ್ಟ ಮನುಷ್ಯರೇನಲ್ಲ. ಈ ಮಾತನ್ನು ಪೂರ್ತಿ ನಂಬಿಯೇ ಹೇಳಿದರು.

ಜೀಪು ಹೋದ ಮೇಲೆ ಸಾಬಣ್ಣ ಹೊರಗೆ ಬಂದ. "ಬೀಗ ಬಿದ್ರ ಉಣ್ಣೋದೇನು? ಮಾಡಿ ಬಾ. ಯಾರ ಬಾಯಿಗೂ ಹೋಗದಂಗ ನೋಡ್ಕೊಂಡ್ರಾತು."

ಗಬ್ಬೂರಿನಲ್ಲಿ ಬೆಳಿಗ್ಗೆಯಿಂದ ಆಟೋದ ಮೈಕು ಕೂಗಿತು: "ಸಾರ್ವಜನಿಕರ ಗಮನಕ್ಕೆ! ಅತ್ಯಂತ ವಿಷಕಾರಿಯಾದ ಜಾಲಿ ಅಣಬೆಯ ರುಚಿಕರ ಪಲ್ಯವನ್ನು ಸುಪ್ರಸಿದ್ಧ ಗದ್ದೆಮ್ಮನವರು ಎಲ್ಲರ ಸಮಕ್ಷಮದಲ್ಲಿ ತಯಾರಿಸಲಿದ್ದಾರೆ. ಕುಟುಂಬ ಸಮೇತ ಬಂದು, ತಿನ್ನದೆ ಹೋಗಬೇಕಾಗಿ ವಿನಂತಿ!"

ಜನ ಕುಟುಂಬ ಸಮೇತ ಬಂದರು. ಕೆಲವರು ಡಬ್ಬಿಯನ್ನೂ ತಂದಿದ್ದರು. ಒಗ್ಗರಣೆಯ ವಾಸನೆ ಎದ್ದಾಗ ಮುಂದಿನ ಸಾಲು ತಾನಾಗಿಯೇ ಸರಿದು ಸರಿದು ಒಲೆಯ ಹತ್ತಿರ ಬಂತು. ಗದ್ದೆಮ್ಮ ಸೌಟು ಎತ್ತಿ ಹಿಡಿದು, ಒಬ್ಬರ ಡಬ್ಬಿಗೂ ತುತ್ತು ಬೀಳಗೊಡಲಿಲ್ಲ. ಕಾರ್ಯಕ್ರಮ ಮುಗಿಯಿತು. ಈಗ ಬೋಗುಣಿ ತುಂಬ ಇದ್ದ ಪಲ್ಯದ ಪ್ರಶ್ನೆ.

ಮಂಡಳಿಯ ನಿಯಮಗಳು ಸ್ಪಷ್ಟವಾಗಿದ್ದವು. ವಿಷವಸ್ತುವನ್ನು ಚರಂಡಿಗೆ ಚೆಲ್ಲುವಂತಿಲ್ಲ, ನೀರು ಕೆಡುತ್ತದೆ. ಹೂಳುವಂತಿಲ್ಲ, ಮಣ್ಣು ಕೆಡುತ್ತದೆ. ದನಗಳಿಗೆ ಹಾಕಿದರೆ ಅವುಗಳ ಮಾಲೀಕರು ದೂರು ಕೊಡುತ್ತಾರೆ. ಆದಕಾರಣ ಅದನ್ನು ಜವಾಬ್ದಾರಿಯುತ ಸಿಬ್ಬಂದಿಯು ಸ್ಥಳದಲ್ಲಿಯೇ ವಿಲೇವಾರಿ ಮಾಡತಕ್ಕದ್ದು. ಉದಯಕುಮಾರ ಅವರು ಅಂಗಿಯ ತೋಳು ಮಡಚಿ, ಚಕ್ಕಳಮಕ್ಕಳ ಹಾಕಿ ಕುಳಿತು ವಿಲೇವಾರಿ ಆರಂಭಿಸಿದರು.

"ಅಯ್ಯ, ತಿನ್ನಬ್ಯಾಡ್ರಿ ಸಾಹೇಬ್ರ!"

"ತಿನ್ನಾಕತ್ತಿಲ್ಲಮ್ಮ, ವಿಲೇವಾರಿ ಮಾಡಾಕತ್ತೀನಿ." ಬಾಯಿ ತುಂಬಿದಾಗ ಅವರ ಮಾತು ಊರ ಮಾತಾಗುತ್ತಿತ್ತು. "ಬರೇದು ಇಳಿಯವಲ್ದು. ರೊಟ್ಟಿ ಅದಾವೇನು?"

ಗದ್ದೆಮ್ಮನ ಬುತ್ತಿಯಲ್ಲಿ ರೊಟ್ಟಿ ಇದ್ದವು. ಕೊಡಬಾರದೆಂದು ಮನಸ್ಸು ಹೇಳಿತು. ಆದರೆ ಇಷ್ಟು ವರ್ಷ ಖಾನಾವಳಿ ನಡೆಸಿದ ಕೈ, ರೊಟ್ಟಿ ಎಂಬ ಮಾತು ಕೇಳಿದ ತಕ್ಷಣ ಬುತ್ತಿ ಬಿಚ್ಚಿಬಿಟ್ಟಿತ್ತು.

ಮಾನ್ವಿಯ ಕಾರ್ಯಕ್ರಮ ಇನ್ನೂ ದೊಡ್ಡದು. ವಿಲೇವಾರಿಯ ಹೊರೆ ಒಬ್ಬರ ಮೇಲೆಯೇ ಬೀಳಬಾರದೆಂದು ಮಂಡಳಿಯ ಅಧ್ಯಕ್ಷೆ ಬಸವಂತಮ್ಮನವರು ಸದಸ್ಯರನ್ನೂ ಅವರ ಬೀಗರನ್ನೂ ಕರೆದುಕೊಂಡು ರಾಯಚೂರಿನಿಂದ ಬಂದರು. ಸಾಬಣ್ಣನನ್ನು ಜೀವಂತ ನಿದರ್ಶನವಾಗಿ ವೇದಿಕೆಯ ಮೇಲೆ ನಿಲ್ಲಿಸಲಾಯಿತು. ವರ್ಷದ ಪಥ್ಯದಿಂದ ಅವನ ಗಲ್ಲ ತುಂಬಿಕೊಂಡಿದ್ದವು. "ಇಂವ ನಮಗಿಂತ ಗಟ್ಟಿ ಅದಾನಲ್ಲೋ!" ಎಂದು ಜನ ನಕ್ಕರು. ಇದರಿಂದ ಅಭಿಯಾನಕ್ಕೆ ಹಿನ್ನಡೆಯಾದ ಕಾರಣ, ಅಭಿಯಾನ ಮುಗಿಯುವವರೆಗೆ ಸಾಬಣ್ಣನು ಸುಧಾರಿಸತಕ್ಕದ್ದಲ್ಲ ಎಂದು ಸ್ಥಳದಲ್ಲಿಯೇ ಆದೇಶವಾಯಿತು.

ಗದ್ದೆಮ್ಮ ಈ ಸಲ ಒಂದು ಉಪಾಯ ಮಾಡಿದ್ದಳು. ಯಾರೂ ಬಾಯಲ್ಲಿಡಬಾರದೆಂದು ಪಲ್ಯಕ್ಕೆ ಮುಷ್ಟಿಗಟ್ಟಲೆ ಉಪ್ಪು ಸುರಿದಳು. ಅಧ್ಯಕ್ಷರು ನಾಲಿಗೆಗೆ ಹಚ್ಚಿ ನೋಡಿ ಮುಖ ಕಿವುಚಿದರು. ಅತಿಯಾದ ಉಪ್ಪು ಆರೋಗ್ಯಕ್ಕೆ ಹಾನಿಕರವೆಂದು ಅವಳಿಗೆ ಎಚ್ಚರಿಕೆ ಕೊಟ್ಟು, ಇನ್ನೊಂದು ಬೋಗುಣಿ ಮಾಡಿಸಿದರು. ಆಗ ಗದ್ದೆಮ್ಮನಿಗೆ ತಡೆಯಲಾಗಲಿಲ್ಲ. ಮೈಕು ಕಸಿದುಕೊಂಡಳು.

"ಯಪ್ಪಾ, ಯವ್ವಾ, ಕೈ ಮುಗೀತೀನಿ! ಇದು ನನ್ನ ಗಂಡನ್ನ ತಿಂತಿತ್ತು. ಯಾರೂ ಮುಟ್ಟಬ್ಯಾಡ್ರಿ. ಸಾಹೇಬ್ರ, ನೀವೂ ಕೆಳಗ ಇಡ್ರಿ!"

ಅವಳು ಅಳುತ್ತಿದ್ದಳು. ಜನರಿಂದ ಚಪ್ಪಾಳೆ ಬಿದ್ದವು. ಇಷ್ಟು ಮನಮುಟ್ಟುವ ಜಾಗೃತಿ ಭಾಷಣವನ್ನು ತಮ್ಮ ಸೇವಾವಧಿಯಲ್ಲಿ ಕೇಳಿರಲಿಲ್ಲವೆಂದು ಉದಯಕುಮಾರ ಅವರು ಎಡಗೈಯಿಂದ ಕಣ್ಣೊರೆಸಿಕೊಂಡರು. ಬಲಗೈ ವಿಲೇವಾರಿಯಲ್ಲಿತ್ತು. ಗದ್ದೆಮ್ಮನ ಬುತ್ತಿ ಅವತ್ತೂ ಖಾಲಿಯಾಯಿತು.

ಮರುವಾರ ಉದಯಕುಮಾರ ಅವರ ಕಣ್ಣು ಅರಿಶಿನವಾದವು.

ಗದ್ದೆಮ್ಮ, ಸಾಬಣ್ಣ ಆಸ್ಪತ್ರೆಗೆ ಓಡಿದರು. ಕಳೆದ ವರ್ಷ ಸಾಬಣ್ಣ ಮಲಗಿದ್ದ ವಾರ್ಡಿನಲ್ಲಿಯೇ ಉದಯಕುಮಾರ ಅವರು ಮಲಗಿದ್ದರು. ಬಾಯಲ್ಲಿ ಏನೂ ಇರದಿದ್ದರೂ ಮಾತು ಊರ ಮಾತೇ ಆಗಿತ್ತು.

"ಸಣ್ಣಾವಿದ್ದಾಗಿಂದ ತಿಂತಿದ್ದೆನಮ್ಮ. ನಮ್ಮವ್ವ ಮಾಡ್ತಿದ್ಲು. ಆ ವಾಸನಿ ಬಂದ್ರ ನನಗ ಒಂದು ನಿಯಮನೂ ನೆಪ್ಪಾಗಂಗಿಲ್ಲ."

"ನೀರ್ಮಜ್ಜಿಗಿ ಕುಡೀರಿ, ಎಣ್ಣಿ ಮುಟ್ಟಬ್ಯಾಡ್ರಿ," ಎಂದ ಸಾಬಣ್ಣ, ಅವರ ಕಾಲ ಮೇಲೆ ಹೊದಿಕೆ ಎಳೆಯುತ್ತ. "ಕನಸಿನ್ಯಾಗ ಅಣಬಿ ಬರ್ತದ. ಅಲ್ಲೂ ತಿನ್ನಬ್ಯಾಡ್ರಿ."

ಕಾರಣ ಅಣಬೆಯೇ ಎಂದು ಡಾಕ್ಟರ್ ಸಂಘಮಿತ್ರಾ ಯಾವ ಅನುಮಾನವೂ ಇಲ್ಲದೆ ಹೇಳಿದರು. ಬಸವಂತಮ್ಮನವರ ವಿಚಾರಣಾ ಸಮಿತಿಯು ಡಾಕ್ಟರ ಮಾತನ್ನು ಗೌರವದಿಂದ ಆಲಿಸಿ, ಅಡುಗೆ ಮಾಡಿದ ಗದ್ದೆಮ್ಮನನ್ನು ರಾಯಚೂರಿಗೆ ಕರೆಸಿತು.

"ಅಣಬೆಯ ವಿಲೇವಾರಿಗೆ ಮಂಜೂರಾತಿ ಇತ್ತು," ಎಂದರು ಬಸವಂತಮ್ಮನವರು. "ಮಂಜೂರಾದ ಕ್ರಮದಿಂದ ಅನಾಹುತವಾಗಲು ನಿಯಮದಲ್ಲಿ ಅವಕಾಶವಿಲ್ಲ. ಹಾಗಾದರೆ ಮಂಜೂರಾತಿ ಇಲ್ಲದೆ ಅಧಿಕಾರಿಯ ಹೊಟ್ಟೆಗೆ ಹೋದದ್ದು ಯಾವುದು?"

ಸಮಿತಿಯವರೆಲ್ಲ ಗದ್ದೆಮ್ಮನ ಕಡೆ ನೋಡಿದರು.

"ರೊಟ್ಟಿ," ಎಂದರು ಅಧ್ಯಕ್ಷರು.

ಗದ್ದೆಮ್ಮನ ಮೈ ಉರಿಯಿತು. "ಜ್ವಾಳದ ರೊಟ್ಟಿಗೆ ಹಂಗ ಅಂತೀರಾ? ನಿಮ್ಮನ್ನ, ನನ್ನ, ಇಡೀ ಸೀಮೀನ ಸಾಕಿದ್ದು ಅದ! ರೊಟ್ಟಿ ಬಡಿಯೋ ಕೈಯಿದು, ನಾ ಒಪ್ಪಂಗಿಲ್ಲ!"

"ಒಪ್ಪದಿದ್ದರೆ ವಿಚಾರಣೆ ಇಲ್ಲ. ತಮ್ಮ ಪ್ರಾತ್ಯಕ್ಷಿಕೆಗಳು ಮಸರಕಲ್, ನೀರಮಾನ್ವಿಗಳಲ್ಲಿ ಮುಂದುವರಿಯುತ್ತವೆ. ಒಪ್ಪಿದರೆ, ಆಪಾದಿತ ಪದಾರ್ಥ ತಯಾರಿಸಿದವರನ್ನು ವಿಚಾರಣೆ ಮುಗಿಯುವ ತನಕ ಅಭಿಯಾನಕ್ಕೆ ಬಳಸುವಂತಿಲ್ಲ. ತಮ್ಮ ಹೊರತು ಬೇರೆ ಅಡುಗೆಯವರಿಗೆ ಅನುಮೋದನೆ ಇಲ್ಲದ್ದರಿಂದ ಅಭಿಯಾನವೇ ನಿಲ್ಲುತ್ತದೆ, ಅದರೊಡನೆ ಪ್ರಮಾಣಪತ್ರ ಕೇಳುವುದೂ ನಿಲ್ಲುತ್ತದೆ. ಮಂಡಳಿಗೆ ಭಾರೀ ನಷ್ಟ."

ಗದ್ದೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ವಿಚಾರಣಿ ಎಷ್ಟು ದಿನ ನಡೀತದ್ರಿ?"

"ಹೇಳಲಾಗದು. ನಮ್ಮಲ್ಲಿ ಇದುವರೆಗೆ ಯಾವ ವಿಚಾರಣೆಯೂ ಮುಗಿದಿಲ್ಲ."

ಅವಳಿಗೆ ವಾರ್ಡಿನ ಹಳದಿ ಕಣ್ಣು ನೆನಪಾದವು. ಗಬ್ಬೂರಿನ ಡಬ್ಬಿಗಳು ನೆನಪಾದವು. ಒಮ್ಮೆ ತನ್ನ ಎರಡೂ ಅಂಗೈ ನೋಡಿಕೊಂಡಳು.

"ಹಂಗಾದ್ರ ಬರ್ಕೊಳ್ರಿ," ಎಂದಳು. "ತಪ್ಪು ರೊಟ್ಟಿದು."

ಬಾಗಿಲ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಸಾಬಣ್ಣ ಅವಳ ಜೊತೆ ಬಸ್ ನಿಲ್ದಾಣಕ್ಕೆ ನಡೆದ. ಬಸ್ಸು ಹತ್ತಿದ ಮೇಲೆ, "ರೊಟ್ಟಿ ಮ್ಯಾಗ ಹಾಕಿಬಿಟ್ಟೆಲ್ಲ," ಎಂದ.

"ಹಾಕಿದೆ. ರೊಟ್ಟಿ ತಡಕೋತದ. ಮಂದಿ ಹೊಟ್ಟಿ ತಡಕೊಳ್ಳಂಗಿಲ್ಲ," ಎಂದು ಗದ್ದೆಮ್ಮ ಕಿಟಕಿಯ ಕಡೆ ತಿರುಗಿದಳು.

ಮಂಡಳಿಯ ಆದೇಶ ತಡವಿಲ್ಲದೆ ಹೊರಬಿತ್ತು. ಜೋಳದ ರೊಟ್ಟಿಯನ್ನು ವಿಚಾರಣೆ ಕಾಯ್ದಿರಿಸಿ ಅಮಾನತಿನಲ್ಲಿಡಲಾಗಿತ್ತು. ಆದರೆ ಅಮಾನತಾದ ನೌಕರನಿಗೂ ಅರ್ಧ ವೇತನವಿರುವುದರಿಂದ, ಮಾನವೀಯ ದೃಷ್ಟಿಯಿಂದ, ಅಮಾನತಿನ ಅವಧಿಯಲ್ಲಿ ಸಾರ್ವಜನಿಕರಿಗೆ ಅರ್ಧ ರೊಟ್ಟಿ ಬಡಿಸಬಹುದು. ಇಡೀ ರೊಟ್ಟಿ ಕಂಡುಬಂದಲ್ಲಿ ಕ್ರಮ ಜರುಗಿಸಲಾಗುವುದು.

ಮೊದಲ ದಿನ ಜನ ಗೊಣಗಿದರು. ಎರಡನೆಯ ದಿನ ಮುರಿಯುವುದನ್ನು ಕಲಿತರು. ಮಾನ್ವಿಯ ಕಡೆ ಮದುವೆಯೊಂದರಲ್ಲಿ ಬೀಗರಿಗೆ ಇಡೀ ರೊಟ್ಟಿ ಬಡಿಸಿದರೆಂದು ತಕರಾರೆದ್ದಾಗ, ಹಿರಿಯರು ಕೂತು ಅದನ್ನು ಮುರಿಸಿ ರಾಜಿ ಮಾಡಿಸಿದರು. ಅಣಬೆಯನ್ನು ಮಾತ್ರ ಈಗ ಯಾರೂ ಕೇಳುವುದಿಲ್ಲ. ಪ್ರಾತ್ಯಕ್ಷಿಕೆ ನಿಂತಿರುವುದರಿಂದ ಅದರ ಬಗ್ಗೆ ಜಾಗೃತಿ ಮೂಡಿಸುವವರಿಲ್ಲ. ಅದು ಜಾಲಿ ಗಿಡದ ಬುಡದಲ್ಲಿ ತನ್ನ ಪಾಡಿಗೆ ಎದ್ದು, ತನ್ನ ಪಾಡಿಗೆ ಕೊಳೆಯುತ್ತದೆ.

ಸುಧಾರಿಸಿಕೊಂಡ ಉದಯಕುಮಾರ ಅವರು ತಪಾಸಣೆಗೆಂದು ಗದ್ದೆಮ್ಮನ ಖಾನಾವಳಿಗೆ ಬಂದರು. ಬುಟ್ಟಿಯಲ್ಲಿ ಅರ್ಧ ರೊಟ್ಟಿಗಳು ಒಂದರ ಮೇಲೊಂದು ಒಪ್ಪವಾಗಿ ಕುಳಿತಿದ್ದವು. ಅವರು ನೋಡಿ ತೃಪ್ತಿಪಟ್ಟು, ಪುಂಡಿಪಲ್ಯದ ತಟ್ಟೆ ಎಳೆದುಕೊಂಡರು. ಅಷ್ಟರಲ್ಲಿ ರಾಯಚೂರು ಬಸ್ಸಿನ ಕಂಡಕ್ಟರ್ ಚೀಲ ಏರಿಸಿಕೊಂಡು ಓಡಿ ಬಂದ.

"ಯಕ್ಕಾ, ಬಸ್ ಬಿಡೋ ಹೊತ್ತಾತು. ಲಗೂನ ಆರು ಅರ್ಧ ಹಾಕು!"

"ಅವರದು ಆದ ಮ್ಯಾಗ ನಂದೂ ನಾಕು ಅರ್ಧ," ಎಂದರು ಉದಯಕುಮಾರ, ಕೈ ತೊಳೆಯಲು ಏಳುತ್ತ. "ನೋಡಮ್ಮ, ಜೋಡಿಸಿ ಇಡಬ್ಯಾಡ. ನಿಯಮ ಅದ."