ಅತ್ತೆಯ ಉಗುರಿಗೊಂದು ಠಸ್ಸೆ

ಎಲ್ಲ ಕೆಡಲು ಶುರುವಾದದ್ದು ಶನಿವಾರ ಸಂಜೆ ಆರು ಐವತ್ತೆರಡಕ್ಕೆ. ಸುಮಾರು ಏಳು ಗಂಟೆ ಎಂದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು! ನಾವು ಡೊಂಬಿವಲಿಯವರು. ನಮ್ಮ ಸುಖದುಃಖಗಳೆಲ್ಲ ಲೋಕಲ್ ಟ್ರೇನಿನ ಟೈಮ್‌ಟೇಬಲ್ಲಿನಂತೆ ನಿಮಿಷ ಸಮೇತ ನೆನಪಿರುತ್ತವೆ. ಆ ನಿಮಿಷದಲ್ಲಿ ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ, ತಮ್ಮ ಕೈಗೆ ತಾವೇ ಮಂಗಳಾರತಿ ಎತ್ತಿಕೊಂಡರು. ದೇವರಿಗೆ ಆರತಿ ಎತ್ತುವವರನ್ನು ಬೇಕಾದಷ್ಟು ನೋಡಿರುತ್ತೀರಿ. ಕೈಯನ್ನೇ ಪಂಚಾರತಿ ಮಾಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಆದ್ದರಿಂದ ಇದನ್ನು ಆದಷ್ಟೂ ಕಣ್ಣು ಮಿಟುಕಿಸದೆ ಬರೆಯುತ್ತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಉಗುರು.

ಮಾವನವರದು ಕಲ್ಯಾಣ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಉಡುಪಿ ಹೋಟೆಲು. ಅಲ್ಲಿ ಒಲೆ ಹಚ್ಚುವ ಮೊದಲು ದಿನವೂ ಒಂದು ಶಾಸ್ತ್ರ ನಡೆಯುತ್ತಿತ್ತಂತೆ. ಅಡುಗೆಮನೆಯವರೆಲ್ಲ ಸಾಲಾಗಿ ನಿಂತು ಕೈ ಮುಂದೆ ಚಾಚಬೇಕು. ಮಾವ ಕನ್ನಡಕ ಏರಿಸಿ ಒಬ್ಬೊಬ್ಬರ ಉಗುರು ನೋಡಿ "ಪಾಸ್" ಅಥವಾ "ಫೇಲ್" ಅನ್ನುವುದು. ಫೇಲಾದವರು ಅಲ್ಲೇ ಉಗುರು ಕತ್ತರಿಸಿಕೊಂಡು ಬಂದರಷ್ಟೇ ಒಳಗೆ ಪ್ರವೇಶ. ದೋಸೆಹಿಟ್ಟು, ಚಟ್ನಿ ಎರಡೂ ಅತ್ತೆಯ ಜವಾಬ್ದಾರಿಯಾಗಿದ್ದರಿಂದ ಅವರೂ ಆ ಸಾಲಿನಲ್ಲಿ ನಿಲ್ಲುತ್ತಿದ್ದರು. ಮದುವೆಯಾದ ಹೊಸತರಿಂದ ಹೋಟೆಲು ಮುಚ್ಚುವ ತನಕ! ಗಂಡನ ಕೈಯಲ್ಲಿ ಒಂದು ದಿನವೂ ಫೇಲಾಗದ ಹೆಂಡತಿ ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು.

ಜಾಗದ ಕರಾರು ಮುಗಿದು ಹೋಟೆಲು ಮುಚ್ಚಿತು. ಕೆಲವು ವಾರ ಕಳೆದ ಮೇಲೆ ಅತ್ತೆ ಗಾಬರಿಯಿಂದ ನನ್ನ ಮುಂದೆ ಕೈ ಚಾಚಿದರು.

"ಇಲ್ಲಿ ನೋಡು ಮಾರಾಯ್ತಿ, ಎಂತ ಇದು?"

"ಉಗುರು, ಅತ್ತೆ."

"ಅದು ಗೊತ್ತುಂಟು. ನನಗೆ ಇಷ್ಟು ಚಂದದ ಉಗುರುಂಟು ಅಂತ ಇಷ್ಟು ವರ್ಷ ಯಾರೂ ಹೇಳ್ಲೇ ಇಲ್ಲ ಅಲ್ವಾ?"

ಯಾರು ಹೇಳಬೇಕಿತ್ತು? ಅದನ್ನು ಬೆಳೆಯಲು ಬಿಟ್ಟವರು ಯಾರು? ಅಂದಿನಿಂದ ಅತ್ತೆ ಆ ಹತ್ತು ಉಗುರುಗಳನ್ನು ಬಾಲ್ಕನಿಯ ತುಳಸಿಗಿಂತ ಹೆಚ್ಚು ಆರೈಕೆ ಮಾಡಿದರು. ಮುಂದೆ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ಒಬ್ಬ ಹುಡುಗಿಯ ಉಗುರಿನ ಮೇಲೆ ಸಾಸಿವೆಯಷ್ಟು ಚಿಕ್ಕ ಹೂಗಳನ್ನು ಕಂಡರು. ಅದನ್ನು ಕೈಯಿಂದ ಬರೆಯುವುದಲ್ಲ, ಠಸ್ಸೆ ಒತ್ತುವುದು ಎಂದು ಆ ಹುಡುಗಿ ಹೇಳಿದಳು. ಮುಗಿಯಿತು! ಅದೇ ವಾರ ನಾನು ವಾಶಿಯ ಮಾಲಿನಿಂದ ಸಾಮಾನು ತಂದೆ. ಚಿತ್ರ ಕೊರೆದ ದುಂಡನೆಯ ಸ್ಟೀಲಿನ ಬಿಲ್ಲೆಗಳು, ಮೆತ್ತನೆಯ ರಬ್ಬರಿನ ಠಸ್ಸೆ, ಬಣ್ಣ, ಬಣ್ಣ ಅಳಿಸುವ ಘಾಟು ವಾಸನೆಯ ದ್ರವ.

ಅತ್ತೆ ಬಿಲ್ಲೆಯನ್ನು ತಿರುಗಿಸಿ ನೋಡಿದರು. "ಚಕ್ಕುಲಿ ಒರಳಿನ ಅಚ್ಚು ಇದ್ದ ಹಾಗೆ ಉಂಟು. ಆದ್ರೆ ತೂತೇ ಇಲ್ಲ!"

ಕೆಲಸ ಕೇಳಲು ಸುಲಭ. ಬಿಲ್ಲೆಯ ಚಿತ್ರಕ್ಕೆ ಬಣ್ಣ ಸವರಬೇಕು, ಹೆಚ್ಚಾದದ್ದನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು ತೆಗೆಯಬೇಕು, ಠಸ್ಸೆಯನ್ನು ಅದರ ಮೇಲೆ ಒತ್ತಿ, ಬಣ್ಣ ಒಣಗುವ ಮೊದಲು ಉಗುರಿನ ಮೇಲೆ ಉರುಳಿಸಬೇಕು. ಬಿ.ಎ. ಓದಿದ ನಾನು ಯೂಟ್ಯೂಬ್ ನೋಡಿ ನೋಡಿ ಒತ್ತಿದ ಗುಲಾಬಿ ನಜ್ಜುಗುಜ್ಜಾದ ಟೊಮೆಟೊದಂತಿತ್ತು. ಅತ್ತೆ ಮಾತ್ರ ಎರಡೇ ದಿನದಲ್ಲಿ ಗುಟ್ಟು ಹಿಡಿದರು. "ಇದು ದೋಸೆಯೇ. ಹೊಯ್ಯುವುದು, ಎಳೆಯುವುದು, ಎಬ್ಬಿಸುವುದು. ನಡುವೆ ಯೋಚನೆ ಮಾಡ್ಲಿಕ್ಕಿಲ್ಲ. ನೀನು ಯೋಚನೆ ಮಾಡ್ತಿ, ಅದಕ್ಕೆ ನಿಂದು ಸೀದು ಹೋಗ್ತದೆ."

ಕೆರೆಯಲು ಮಾವನವರ ಪರ್ಸಿನಿಂದ ಒಂದು ಹಳೆಯ ಕಾರ್ಡು ತೆಗೆದುಕೊಂಡರು. ಅದು ಹಳೆಯದಾಗಿರಲಿಲ್ಲ, ಎ.ಟಿ.ಎಂ. ಕಾರ್ಡಾಗಿತ್ತು. ಅಳಿಸುವ ದ್ರವದಲ್ಲಿ ಒರೆಸೊರೆಸಿ ಅದರ ಮೇಲಿನ ಹೆಸರು, ನಂಬರು ಎಲ್ಲ ಮಾಯ.

"ಎಂತ ಮಾಡಿದ್ದೀ ಮಾರಾಯ್ತಿ ಇದು!" ಎಂದು ಮಾವ ಕೂಗಿದರು.

"ಇನ್ನು ಕಳ್ಳನಿಗೂ ಉಪಯೋಗ ಇಲ್ಲ. ಒಳ್ಳೆದಾಯ್ತಲ್ಲ?"

ಅಭ್ಯಾಸಕ್ಕೆ ಅವರ ಹತ್ತು, ನನ್ನ ಹತ್ತು ಉಗುರು ಸಾಲದಾದವು. ಒಂದು ಮಧ್ಯಾಹ್ನ ಮಾವ ಗೊರಕೆ ಹೊಡೆಯುತ್ತಿದ್ದಾಗ ಅವರ ಕಾಲಿನ ಹೆಬ್ಬೆರಳಿಗೆ ಒಂದು ನವಿಲು ಬಿತ್ತು. ಏನೂ ಅರಿಯದ ಮಾವ ಸಂಜೆ ದೇವಸ್ಥಾನಕ್ಕೆ ಹೋಗಿ ಚಪ್ಪಲಿ ಬಿಟ್ಟರು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಂದು, "ಆಜೋಬಾ, ತುಮ್ಚ್ಯಾ ಪಾಯಾವರ್ ಮೋರ!" ಎಂದು, ಅಜ್ಜನ ಕಾಲ ಮೇಲೆ ನವಿಲು ಕಂಡ ಖುಷಿಗೆ ಚಪ್ಪಾಳೆ ತಟ್ಟಿತಂತೆ. ಹೋಟೆಲಿನಲ್ಲಿ ಊರವರ ಉಗುರು ನೋಡಿದ ಮನುಷ್ಯನ ಉಗುರನ್ನು ಅಂದು ಊರೆಲ್ಲ ಬಗ್ಗಿ ನೋಡಿತು. ಮನೆಗೆ ಬಂದು ಎಗರಾಡಿದರೇ? ಎಗರಾಡಿದರು. ನವಿಲನ್ನು ಅಳಿಸಿದರೇ? ಇಲ್ಲ!

ಈಗ ಆ ಶನಿವಾರ.

ಫ್ಯಾನಿನ ಗಾಳಿಗೆ ಬಣ್ಣ ಬೇಗ ಒಣಗುತ್ತದೆಂದು ಅತ್ತೆಯ ಕಲಾಭ್ಯಾಸದ ಹೊತ್ತಿನಲ್ಲಿ ಫ್ಯಾನ್ ಬಂದ್, ಕಿಟಕಿ ಬಂದ್. ನಾವೆಲ್ಲ ಇಡ್ಲಿಗಳಂತೆ ಬೇಯಬೇಕು. ಇನ್ನೊಂದು ವಿಷಯ. ದೇವರ ದೀಪಕ್ಕೆ ಅತ್ತೆ ಅಂಗಡಿಯ ಬತ್ತಿ ತರುವವರಲ್ಲ. ಹತ್ತಿ ತಂದು, ಟಿ.ವಿ. ನೋಡುತ್ತ ತಾವೇ ಹೊಸೆದು ಸ್ಟೀಲಿನ ಡಬ್ಬಿಯಲ್ಲಿ ತುಂಬುವರು. ಅದೇ ಹತ್ತಿಯ ತುಂಡುಗಳನ್ನು ಅಳಿಸುವ ದ್ರವದಲ್ಲಿ ನೆನೆಸಿ, ಬಿಲ್ಲೆ ಒರೆಸಲೆಂದು ಇನ್ನೊಂದು ಡಬ್ಬಿಯಲ್ಲಿ ಇಡುವರು. ಎರಡು ಡಬ್ಬಿಗಳೂ ಹೋಟೆಲಿನವು. ಒಂದೇ ಅಳತೆ, ಒಂದೇ ಮುಚ್ಚಳ.

ಏಳಕ್ಕೆ ಅವರ ಧಾರಾವಾಹಿ. ಅದಕ್ಕೆ ಮುಂಚೆ ದೀಪ ಹಚ್ಚಬೇಕು. ಆರು ಐವತ್ತೆರಡಕ್ಕೆ ಅವಸರದಲ್ಲಿ ಕೈ ಹಾಕಿದ್ದು ಯಾವ ಡಬ್ಬಿಗೆ ಎಂದು ನೀವೇ ಊಹಿಸಿ. ಮನೆಯಿಡೀ ಅದೇ ಘಾಟು ತುಂಬಿದ್ದರಿಂದ ಮೂಗಿಗೂ ತಿಳಿಯಲಿಲ್ಲ. ಹತ್ತಿಯನ್ನು ದೀಪಕ್ಕಿಟ್ಟು ಕಡ್ಡಿ ಗೀರಿದರು.

ಭುಗ್!

ದೀಪ, ಡಬ್ಬಿ, ದೇವರ ಮುಂದಿನ ಹೂ, ಅತ್ತೆಯ ಬಲಗೈ, ಎಲ್ಲವೂ ಒಟ್ಟಿಗೆ ಹೊತ್ತಿಕೊಂಡವು. ದ್ರವದಲ್ಲಿ ತೊಯ್ದಿದ್ದ ಐದೂ ಬೆರಳುಗಳ ತುದಿಯಲ್ಲಿ ನೀಲಿ ಜ್ವಾಲೆ ನಿಂತಿತ್ತು. ಮೈಮೇಲೆ ನೈಲಾನ್ ನೈಟಿ. ಒಂದು ಗೇಣು ದೂರದಲ್ಲಿ ಆ ದ್ರವದ ಬಾಯಿ ತೆರೆದ ಬಾಟಲಿ.

ನಾನೇನು ಮಾಡಿದೆ? ಖಾರಘರದ ನಮ್ಮ ಆಫೀಸಿನಲ್ಲಿ ಬೆಂಕಿಯ ತಾಲೀಮು ನಡೆದಾಗ ಹಳದಿ ಕೋಟು ತೊಟ್ಟು ನಮ್ಮ ಮಹಡಿಯವರನ್ನೆಲ್ಲ ಮುನ್ನಡೆಸುವವಳು ನಾನೇ. ತರಬೇತಿ ವ್ಯರ್ಥವಾಗಲಿಲ್ಲ. ಇದ್ದಲ್ಲೇ ಕಂಬದಂತೆ ನಿಂತು, "ಲಿಫ್ಟ್ ಬಳಸಬೇಡಿ! ಲಿಫ್ಟ್ ಬಳಸಬೇಡಿ!" ಎಂದು ಕಿರುಚಿದೆ.

ಅತ್ತೆ ಲಿಫ್ಟ್ ಬಳಸಲಿಲ್ಲ. ಎರಡೇ ಹೆಜ್ಜೆಗೆ ಅಡುಗೆಮನೆ ಸೇರಿ, ಮರುದಿನಕ್ಕೆಂದು ರುಬ್ಬಿಟ್ಟಿದ್ದ ದೋಸೆಹಿಟ್ಟಿನ ಪಾತ್ರೆಗೆ ಮೊಣಕೈತನಕ ಕೈ ಅದ್ದಿದರು. ಚುಯ್ ಎಂದಿತು. ಮಾವ ಸ್ನಾನದ ಟವೆಲನ್ನು ಒದ್ದೆ ಮಾಡಿ ದೇವರ ಮೇಲೆಯೇ ಹೊದಿಸಿ, ಬಾಟಲಿಯನ್ನು ಕಾಲಿನಿಂದ ದೂರ ತಳ್ಳಿದರು. ನವಿಲಿನ ಕಾಲಿನಿಂದ.

ಗಲ್ಲಿಯ ಡಾಕ್ಟರು ಅತ್ತೆಯ ಕೈ ನೋಡಿ ಬೆಚ್ಚಿದರು. "ಕಾಕೂ, ಹೇ ಪಾಂಢರಂ ಕಾಯ್ ಲಾವಲಂಯ್?"

ಬಿಳಿ ಏನು ಹಚ್ಚಿದ್ದೀರಿ ಎಂಬ ಪ್ರಶ್ನೆಗೆ ಅತ್ತೆ ಶಾಂತವಾಗಿ ಉತ್ತರಿಸಿದರು: "ದೋಸೇ ಕಾ ಆಟಾ ಹೈ ಡಾಕ್ಟರ್. ನಮಕ್ ನಹೀಂ ಡಾಲಾ, ಜಲೇಗಾ ನಹೀಂ." ಉಪ್ಪು ಹಾಕದ ದೋಸೆಹಿಟ್ಟು, ಉರಿಯುವುದಿಲ್ಲವಂತೆ!

ಇನ್ನೊಮ್ಮೆ ಹೀಗಾದರೆ ನಲ್ಲಿಯ ನೀರು ಸಾಕು, ಹಿಟ್ಟು ಬೇಡ ಎನ್ನುತ್ತ ಡಾಕ್ಟರು ಅತ್ತೆಯ ಕೈ ತೊಳೆದರು. ಸುಟ್ಟದ್ದು ಹೆಚ್ಚು ಆಳವಿರಲಿಲ್ಲ. ಆದರೆ ಔಷಧಿ ಹಚ್ಚಲು ಆ ಕೈಯ ಉಗುರುಗಳನ್ನು ಬುಡಕ್ಕೆ ಕತ್ತರಿಸಿದರು. ಅಲ್ಲಿಯವರೆಗೆ ಹಿಟ್ಟು ಹಾಳಾಯಿತೆಂದು ಗೊಣಗುತ್ತಿದ್ದ ಅತ್ತೆ, ಕತ್ತರಿಯ ಸದ್ದು ಕೇಳಿದ್ದೇ ತಡ, ಮುಖವನ್ನು ಗೋಡೆಯತ್ತ ತಿರುಗಿಸಿದರು. ಮನೆಗೆ ಬಂದು ಎಡಗೈಯ ಉಗುರುಗಳನ್ನೂ ನನ್ನಿಂದಲೇ ಕತ್ತರಿಸಿಕೊಂಡರು. ಬಿಲ್ಲೆಗಳು ಅಟ್ಟ ಸೇರಿದವು.

ಆಮೇಲಿನ ರಾತ್ರಿಗಳಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಮಾವನ ಗೊರಕೆ ತಾಳಲಾರದೆ ಅತ್ತೆ ಹಾಲಿನಲ್ಲಿ ಮಲಗುತ್ತಿದ್ದರು. ನಾನು ನಡುನಡುವೆ ಎದ್ದು ಗ್ಯಾಸ್ ಮುಟ್ಟಿ, ದೇವರ ಮೂಲೆ ನೋಡಿ, ಕೊನೆಗೆ ಬಗ್ಗಿ ಅತ್ತೆಯ ಕೈ ಮೂಸಿ, ಆ ಘಾಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದೆ. ಓದಿದವಳು ಮಾಡುವ ಕೆಲಸವೇ ಇದು? ಗಂಡ "ಡಾಕ್ಟರಿಗೆ ತೋರಿಸು" ಎಂದ. ನನ್ನನ್ನು!

ಬ್ಯಾಂಡೇಜು ಬಿಚ್ಚಿದ ದಿನ ಅತ್ತೆ ಮಾವನ ಮುಂದೆ ನಿಂತು, ಹಳೆಯ ರೂಢಿಯಂತೆ ಎರಡೂ ಕೈ ಚಾಚಿದರು. ತಮಾಷೆಗೇ ಇರಬೇಕು.

"ನೋಡಿ. ಪಾಸಾ?"

ಮಾವ ಕನ್ನಡಕ ಏರಿಸಿದರು. ಮೊಂಡಾದ ಆ ಹತ್ತು ಬೆರಳುಗಳನ್ನು ಬಹಳ ಹೊತ್ತು ನೋಡಿದರು.

"ಫೇಲ್," ಅಂದರು. "ಉಗುರು ಬರ್ಲಿ. ಆಮೇಲೆ ತೋರಿಸು."

ಸ್ಟೂಲು ಹತ್ತಿ ಅಟ್ಟದಿಂದ ಬಿಲ್ಲೆಗಳನ್ನು ಅವರೇ ಇಳಿಸಿದರು.

ಮೊದಲು ಬೆಳೆದದ್ದು ಬಲಗೈ ಕಿರುಬೆರಳಿನ ಉಗುರು. ಬಾಲ್ಕನಿಯಲ್ಲಿ, ಗಾಳಿಯಲ್ಲಿ, ದೀಪ ಹಚ್ಚುವ ಹೊತ್ತಿಗಿಂತ ಬಹಳ ಮೊದಲೇ ಕೂತೆವು. ಅತ್ತೆಯ ಬೆರಳು ಇನ್ನೂ ಬಿಗಿಯಾಗಿದ್ದರಿಂದ ಠಸ್ಸೆ ನನ್ನ ಕೈಯಲ್ಲಿತ್ತು. "ಹೊಯ್ಯಿ. ಎಳಿ. ಎಬ್ಬಿಸು! ಯೋಚನೆ ಮಾಡ್ಬೇಡ!" ಸೊಟ್ಟದಾಗಿ ಒಂದು ನವಿಲು ಬಂದು ಕೂತಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತ ಮೆಲ್ಲಗೆ ಹೇಳಿದರು.

"ಇವತ್ತು ರಾತ್ರಿ ಬಂದು ಮೂಸಬೇಡ. ವಾಸನೆ ಇರ್ತದೆ, ಹೆದರ್ತಿ."

ನಾನು ಪೆಚ್ಚಾದೆ. "ನಿಮಗೆ ಎಚ್ಚರ ಇರ್ತಿತ್ತಾ?"

"ನೀನು ಬಂದು ಹೋಗುವ ತನಕ ನನಗೆ ನಿದ್ದೆ ಎಲ್ಲಿಂದ ಬರಬೇಕು?"

ಮರುದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ನನ್ನ ಏಳು ಹನ್ನೆರಡರ ಲೋಕಲ್ ಯಾವಾಗಲೋ ಹೋಗಿತ್ತು. ಹಾಲಿಗೆ ಓಡಿದೆ. ಚಾಪೆಯ ಮೇಲೆ ಅತ್ತೆ ಆಗಷ್ಟೇ ಎದ್ದು ಕೂತು ಕೂದಲು ಕಟ್ಟುತ್ತಿದ್ದರು.

"ಅತ್ತೆ, ನನ್ನನ್ನು ಎಬ್ಬಿಸಬಾರದಿತ್ತಾ?"

"ಎಬ್ಬಿಸ್ಲಿಕ್ಕೆ ನನಗೆ ಎಚ್ಚರ ಇರ್ಬೇಕಲ್ಲ ಮಾರಾಯ್ತಿ!"