ಕೋಳಿಗೂಡಿನಲ್ಲಿ ಅಪ್ಪ

ಡೆಸ್ಮಂಡನ ಎರಡೂ ಕೈಗಳ ಮೇಲೆ ಮನೆಯಲ್ಲಿ ನಿಷೇಧಾಜ್ಞೆ ಜಾರಿಯಲ್ಲಿತ್ತು. ಆರು ವರ್ಷದ ಮಗಳು ವಿನಿ ಬೂಟಿನ ಲೇಸಿನೊಡನೆ ಎಷ್ಟು ಹೊತ್ತು ಮಲ್ಲಯುದ್ಧ ಮಾಡಿದರೂ ಅವನು ಕಟ್ಟಿಕೊಡುವಂತಿಲ್ಲ. ಬ್ರೆಡ್ಡಿಗೆ ಸವರುವ ಬೆಣ್ಣೆಯನ್ನು ಮೊಣಕೈಗೂ ಸವರಿಕೊಂಡರೆ 'ಹುಷಾರು' ಎನ್ನುವಂತಿಲ್ಲ. ಕೆಲಸ ಮುಗಿದ ಮೇಲೆ 'ಜಾಣೆ' ಎಂದು ಹೊಗಳುವಂತೆಯೂ ಇಲ್ಲ. ಕೇಳುವ ತನಕ ಸಹಾಯ ಮಾಡಬಾರದು ಎಂಬುದು ವಿನಿಯ ಹೊಸ ಶಾಲೆಯ ಮೂಲಮಂತ್ರ. ಶಾಲೆಯಲ್ಲೊಂದು, ಮನೆಯಲ್ಲೊಂದು ಆದರೆ ಮಗು ಯಾವುದನ್ನು ನಂಬಬೇಕು ಎಂದು ಟೀಚರ್ ಇಂಗ್ರಿಡ್ ಮೊದಲ ದಿನವೇ ಕೇಳಿದ್ದರು.

ಆದರೆ ಲಾನ್ಸೆಸ್ಟನ್ ಊರಿನ ಅರ್ಧ ಅಡುಗೆಮನೆಗಳಿಗೆ ಕಪಾಟು ಜೋಡಿಸಿದ ಕೈ ಅದು. ಸುಮ್ಮನಿರು ಎಂದರೆ ಇರುತ್ತದೆಯೇ?

"ಮತ್ತೆ ಲೇಸ್ ಕಟ್ಟಿದ್ಯಾ?" ಎಂದು ಹೆಂಡತಿ ರೋಸ್ಲಿನ್ ಹಿಡಿದೇಬಿಟ್ಟಳು.

"ಬಿಚ್ಚಿಹೋಗ್ತಿತ್ತು."

"ಅವಳು ಕೇಳಿದ್ಲಾ?"

"ಕಣ್ಣಲ್ಲೇ ಕೇಳಿದ್ಲು."

"ಕೇಳೋದು ಅಂದ್ರೆ ಏನೂಂತ ನಿಂಗೇನು ಗೊತ್ತು? ಹೋಬಾರ್ಟಿಗೆ ಹೋಗೋ ದಾರಿ ಯಾರನ್ನೂ ಕೇಳ್ದೆ ನಮ್ಮನ್ನ ಸಮುದ್ರಕ್ಕೆ ಕರ್ಕೊಂಡು ಹೋದೋನು."

(ಸಮುದ್ರ ಚೆನ್ನಾಗಿತ್ತು ಎಂಬುದನ್ನು ಅವಳು ಯಾವತ್ತೂ ಹೇಳುವುದಿಲ್ಲ.) ಆದರೂ ಡೆಸ್ಮಂಡನಿಗೆ ಒಳಗೊಳಗೇ ಅಳುಕು. ಹಿಂದಿನ ಶಾಲೆಯಲ್ಲಿ ವಿನಿ ಬಾಯಿಯೇ ಬಿಡುತ್ತಿರಲಿಲ್ಲ. ಅವಳ ಪರವಾಗಿ ಎಲ್ಲ ಕಡೆ ಅಪ್ಪನೇ ಮಾತಾಡುತ್ತಿದ್ದ. ಇಲ್ಲಿಗೆ ಬಂದಮೇಲೆ ಇಂಗ್ರಿಡ್ ಕಿವಿಯಲ್ಲಿ ಪಿಸುಗುಟ್ಟುವಷ್ಟು ಧೈರ್ಯ ಬಂದಿತ್ತು. ತನ್ನ ಕೈಚಳಕದಿಂದ ಅದೂ ಹಾಳಾದರೆ?

ಶನಿವಾರ ಶಾಲೆಯಲ್ಲಿ ತಂದೆತಾಯಿಗಳ ಶ್ರಮದಾನವಿತ್ತು. ರೋಸ್ಲಿನ್ ಸಾಸೇಜ್ ಸುಡಲು ನಿಂತಳು. ಡೆಸ್ಮಂಡನ ಪಾಲಿಗೆ ಹೊಸ ಕೋಳಿಗೂಡು ಬಂತು. ಅವನು ಯಾರ ನೆರವೂ ಇಲ್ಲದೆ ಗೋಡೆ ನಿಲ್ಲಿಸಿದ, ಜಾಲರಿ ಬಿಗಿದ, ಯಾವ ಕಾಡುಪ್ರಾಣಿಯೂ ತೆಗೆಯಲಾಗದಂಥ ಚಿಲಕವನ್ನು ಬಾಗಿಲ ಹೊರಗೆ ಕೂರಿಸಿದ. ಮೂರು ಕೋಳಿಗಳಿಗೆ ಗೃಹಪ್ರವೇಶ ಮಾಡಿಸಿ, ಅವು ಕೂರುವ ಅಡ್ಡಕೋಲು ಸಿಕ್ಕಿಸಲು ತಾನೂ ಒಳಗೆ ತೆವಳಿದ. ಗಾಳಿ ಬೀಸಿತು. ಬಾಗಿಲು ಬಡಿದುಕೊಂಡು ಚಿಲಕ ತಾನಾಗಿ ಬಿತ್ತು.

ಬೆರಳು ಜಾಲರಿಯಲ್ಲಿ ತೂರುತ್ತಿರಲಿಲ್ಲ. ಕೂಗಿದರೆ ಮಾನ ಹೋಗುತ್ತದೆ. ಅವನು ಏನನ್ನೋ ಅಳತೆ ಮಾಡುವವನಂತೆ ಕುಳಿತ. ಮಕ್ಕಳು ಒಬ್ಬೊಬ್ಬರಾಗಿ ಬಂದು, ಕೆಲಸ ಮಾಡುವವರನ್ನು ನೋಡುವಾಗ ಶಾಲೆಯಲ್ಲಿ ನಿಲ್ಲುವಂತೆ, ಕೈ ಹಿಂದೆ ಕಟ್ಟಿ ಮೌನವಾಗಿ ನಿಂತರು. ಸಾಸೇಜಿನ ಘಮ ಬಂತು. ಒಂದು ಕೋಳಿ ಅವನ ತೊಡೆಯೇರಿತು. ಯಾರೋ ಪುಣ್ಯಾತ್ಮ ಚಿಲಕಕ್ಕೆ ಕೈ ಹಾಕಿದ.

"ಮುಟ್ಬೇಡಿ. ನಮ್ಮಪ್ಪ ಇನ್ನೂ ಕೇಳಿಲ್ಲ."

ಮೈದಾನದ ಆ ತುದಿಗೂ ಕೇಳುವ ದನಿ. ಯಾರದೆಂದು ತಿಳಿಯಲು ಡೆಸ್ಮಂಡನಿಗೆ ಒಂದು ಕ್ಷಣ ಬೇಕಾಯಿತು. ಬಾಗಿಲಿಗೆ ಅಡ್ಡವಾಗಿ ವಿನಿ ನಿಂತಿದ್ದಳು. ದೂರದಲ್ಲಿ ರೋಸ್ಲಿನ್‌ಳ ಇಕ್ಕಳದಲ್ಲಿ ಸಾಸೇಜ್ ಹಾಗೇ ನಿಂತಿತ್ತು. ಇಂಗ್ರಿಡ್ ಕಣ್ಣೊರೆಸಿಕೊಂಡರು. ಆ ಶಾಲೆಗೆ, ಆ ಗಾಳಿಗೆ, ಸ್ವಂತ ಕೈಯಿಂದ ಹಾಕಿದ ಆ ಹಾಳು ಚಿಲಕಕ್ಕೆ ಅವನು ಮನಸ್ಸಿನಲ್ಲೇ ಕೈಮುಗಿದ.

"ವಿನಿ," ಎಂದ ಡೆಸ್ಮಂಡ್, ಜೀವಮಾನದಲ್ಲಿ ಮೊದಲ ಬಾರಿಗೆ, "ಸ್ವಲ್ಪ ಸಹಾಯ ಮಾಡ್ತೀಯಾ?"

"ಮಾಡ್ತೀನಿ."

ಅವಳು ಚಿಲಕವನ್ನು ಎಳೆದಳು, ತಿರುಗಿಸಿದಳು, ನಿಂತು ಯೋಚಿಸಿದಳು. ಹೇಗೆಂದು ಹೇಳಿಕೊಡಲು ನಾಲಿಗೆ ತುರಿಸುತ್ತಿದ್ದರೂ ಅವನು ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡು ಕುಳಿತ. ಕೊನೆಗೂ ಬಾಗಿಲು ತೆರೆಯಿತು.

ಮೈಗೆಲ್ಲ ಪುಕ್ಕ ಅಂಟಿಸಿಕೊಂಡು ಹೊರಬಂದ ಅಪ್ಪನನ್ನು ವಿನಿ 'ಜಾಣ' ಎನ್ನಲಿಲ್ಲ. ಇಂಗ್ರಿಡ್‌ರ ಹಾಗೆಯೇ ಗಂಭೀರವಾಗಿ, "ತುಂಬಾ ಹೊತ್ತು ಕೆಲಸ ಮಾಡಿದೆ, ಅಪ್ಪ," ಎಂದಳು. ಆಮೇಲೆ ಕೆಳಗೆ ನೋಡಿದಳು. "ನಿನ್ನ ಲೇಸ್ ಬಿಚ್ಚಿದೆ."

ಅಷ್ಟು ಹೇಳಿ ಕೈಗಳನ್ನು ಹಿಂದೆ ಕಟ್ಟಿಕೊಂಡು ಕಾಯುತ್ತ ನಿಂತಳು. ಡೆಸ್ಮಂಡ್ ಹುಲ್ಲಿನ ಮೇಲೆ ಕೂತು ಲೇಸ್ ಹಿಡಿದ. ಕಣ್ಣು ಮಂಜಾಗಿದ್ದರಿಂದ ಗಂಟು ಮತ್ತೆ ಮತ್ತೆ ಜಾರಿತು. ಇಡೀ ಶಾಲೆ ನೋಡುತ್ತಿತ್ತು. ಯಾರೂ ಸಹಾಯಕ್ಕೆ ಬರಲಿಲ್ಲ.