ಭಾವನ ನಾಲ್ಕಡಿ ದಾರಿ

ಆ ಶನಿವಾರ ನಮ್ಮ ಪಾಲಿನ ಕೊನೆಯ ಮಾಮೂಲಿ ದಿನ. ಅದು ನಮಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಭಾವ ವಿಜಯವಾಡದ ಬೋಟ್ ಘಾಟಿನ ಎದುರು, ರಸ್ತೆಯ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ರಂಗೋಲಿ ಹಾಕುತ್ತಿದ್ದರು. ಅರವತ್ಮೂರು ವರ್ಷದ ನಿವೃತ್ತ ಬ್ಯಾಂಕ್ ಮ್ಯಾನೇಜರು, ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು, ಎಡಗೈಯಲ್ಲಿ ನಮ್ಮಕ್ಕನ ರಂಗೋಲಿ ಡಬ್ಬ ಹಿಡಿದುಕೊಂಡು! ನಾನು ಹತ್ತು ಹೆಜ್ಜೆ ದೂರದಲ್ಲಿ, ಈ ಮನುಷ್ಯನಿಗೂ ನನಗೂ ಯಾವ ಸಂಬಂಧವೂ ಇಲ್ಲವೆನ್ನುವ ಹಾಗೆ, ಕೃಷ್ಣಾ ನದಿಯನ್ನು ನೋಡುತ್ತ ನಿಂತಿದ್ದೆ.

ಇಷ್ಟು ಹೇಳಿದ ಮೇಲೆ ಭಾವನ ತಲೆ ನೆಟ್ಟಗಿತ್ತೇ ಎಂದು ನೀವು ಕೇಳುವುದು ಸಹಜ. ನಮ್ಮಕ್ಕ ಇದೇ ಪ್ರಶ್ನೆ ಕೇಳುತ್ತಲೇ ಇಡೀ ಸಂಸಾರ ಮಾಡಿದಳು. ನನ್ನನ್ನು ಕೇಳಿದರೆ ನೆಟ್ಟಗೇ ಇತ್ತು. ಅತಿ ನೆಟ್ಟಗಿತ್ತು, ಅದೇ ತೊಂದರೆ. ತಟ್ಟೆಯಲ್ಲಿ ಸಾರು ಪಲ್ಯದ ಕಡೆ ಹರಿದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಅನ್ನದಿಂದ ಒಂದು ಒಡ್ಡು ಕಟ್ಟಿದ ಮೇಲೆಯೇ ಮುಂದಿನ ತುತ್ತು.

ಭಾವನ ಊರು ಬಾಣಾವರ. ಬ್ಯಾಂಕಿನಲ್ಲಿ ಪ್ರಮೋಷನ್ ಸಿಕ್ಕಿದ್ದೇ ತಡ, ಅವರನ್ನು ಆಂಧ್ರಕ್ಕೆ ಹಾಕಿದರು. ಶ್ರೀಕಾಕುಳಂ, ಅನಕಾಪಲ್ಲಿ, ಗುಡಿವಾಡ ಸುತ್ತಿ ವಿಜಯವಾಡದಲ್ಲಿ ನಿವೃತ್ತರಾದರು, ಅಲ್ಲೇ ಉಳಿದರು. ಅಷ್ಟು ವರ್ಷವಾದರೂ ಅವರ ತೆಲುಗು ಕೇಳಿದ ಆಟೋದವರು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದರು. ನಾನು ನೌಕಾಪಡೆಯ ಉಗ್ರಾಣದಲ್ಲಿ ಕೆಲಸ ಮಾಡುವವನು, ವಿಶಾಖಪಟ್ಟಣದಲ್ಲಿದ್ದೇನೆ. ಪಿಯುಸಿ ಮುಗಿಸಿ ಸೇರಿದವನು. ಬರೆದು ಅಭ್ಯಾಸವಿಲ್ಲ. ರಜಾ ಸಿಕ್ಕಿದಾಗಲೆಲ್ಲ ರೈಲು ಹತ್ತಿ ಅಕ್ಕನ ಮನೆಗೆ ಹೋಗುವುದು ರೂಢಿಯಾಗಿತ್ತು. ಈಗ ರಜಾ ದಿನ ಏನು ಮಾಡಬೇಕೋ ತೋಚುವುದಿಲ್ಲ, ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಭಾವನಿಗೆ ಘಾಟಿನ ಮುಂದೆ ಸೈಕಲ್ಲು ಜೋಡಿಸುವ ಹುಚ್ಚು ಹತ್ತಿದ್ದು ನಿವೃತ್ತಿಯಾದ ಮರುವರ್ಷ. ನದಿ ದಂಡೆಯ ಮೇಲೆ ಪ್ರವಾಸಿಗರಿಗೆ ಬಾಡಿಗೆ ಸೈಕಲ್ ಕೊಡುವ ಅಂಗಡಿಗಳಿವೆ. ಜನ ಸೈಕಲ್ ತುಳಿದುಕೊಂಡು ಘಾಟಿನವರೆಗೆ ಬರುತ್ತಾರೆ. ಅಷ್ಟರಲ್ಲಿ ನದಿಯ ನಡುವಿನ ದ್ವೀಪಕ್ಕೆ ಹೋಗುವ ಬೋಟು ಹೊರಡುವ ಸದ್ದು ಕೇಳುತ್ತದೆ. ಸ್ಟ್ಯಾಂಡ್ ಹಾಕುವಷ್ಟೂ ತಾಳ್ಮೆಯಿಲ್ಲದೆ ಗೇಟಿನ ಬಾಯಲ್ಲೇ ಸೈಕಲ್ ಎಸೆದು ಓಡುತ್ತಾರೆ. ಒಂದು ದಿನ ಬೋಟಿನಿಂದ ಇಳಿದ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳಂತೆ. ಹೊರಗೆ ಆಟೋ ನಿಂತಿದೆ, ಒಳಗೆ ಮುದುಕಿ ಇದ್ದಾಳೆ, ನಡುವೆ ಒಂದರೊಳಗೊಂದು ಸಿಕ್ಕಿಕೊಂಡ ನೂರಾರು ಸೈಕಲ್ಲು. ಕೊನೆಗೆ ಯಾರೋ ನೀರು ಚಿಮುಕಿಸಿ, ಸೋಡಾ ಕುಡಿಸಿ, ಆಕೆ ತಾನೇ ಎದ್ದು ಕೂತಳು. ಅಲ್ಲಿದ್ದವರೆಲ್ಲ ಅದನ್ನು ಮರೆತರು. ವಾಕಿಂಗಿಗೆ ಹೋಗಿದ್ದ ಭಾವನಿಗೆ ಮಾತ್ರ ಮರೆಯಲಾಗಲಿಲ್ಲ.

"ನಾಲ್ಕಡಿ ಸಾಕು ಕಣೇ," ಎಂದರಂತೆ ಮನೆಗೆ ಬಂದು. "ನಾಲ್ಕಡಿ ಖಾಲಿ ಇದ್ರೆ ಒಬ್ಬ ಮನುಷ್ಯನ್ನ ಎತ್ಕೊಂಡು ಹೊರಗೆ ಬರಬಹುದು."

"ಅದಕ್ಕೆ ನೀವ್ಯಾಕ್ರೀ? ಪೊಲೀಸಿನವರಿಲ್ವ?" ಎಂದಳು ಅಕ್ಕ.

"ಅವರಿಗೆ ಊರಿನ ಟ್ರಾಫಿಕ್ ಇದೆ. ನನಗೆ ಬರೀ ಶುಗರ್ ಇದೆ."

ಮಾರನೆಯ ದಿನದಿಂದ ಭಾವ ಘಾಟಿನ ಬಾಗಿಲಿಗೆ ಹೋಗಿ ನಿಂತರು. ಯಾರೂ ಕರೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ಮೊದಲ ವಾರ ಜನ ಅವರನ್ನು ಬೈದರು. ಎರಡನೆಯ ವಾರ ಭಾವ ಜನರನ್ನು ಬೈದರು. ಮೂರನೆಯ ವಾರಕ್ಕೆ ಪರಸ್ಪರ ಅಭ್ಯಾಸವಾಯಿತು.

ಅವರ ಪದ್ಧತಿ ಹೀಗಿತ್ತು: ಒಂದೇ ಬೋಟಿಗೆ ಹೋಗುವವರ ಸೈಕಲ್ಲುಗಳೆಲ್ಲ ಒಂದೇ ಸಾಲಿನಲ್ಲಿ. ಒಟ್ಟಿಗೆ ಹೋದವರು ಒಟ್ಟಿಗೇ ತಾನೇ ಬರುವುದು? ಆ ಸಾಲು ಒಂದೇ ಸಲ ಖಾಲಿಯಾಗುತ್ತದೆ, ಮಿಕ್ಕವರು ಅಲುಗಾಡಬೇಕಾಗಿಲ್ಲ. ಇಲ್ಲಿಯವರೆಗೆ ಯಾರು ಬೇಕಾದರೂ ಒಪ್ಪುವ ಮಾತು. ಆದರೆ ಸಾಲುಗಳಿಗೆ ಅವರಿಟ್ಟ ಹೆಸರು ಯಾವುದು ಗೊತ್ತೇ? ತಿಪಟೂರು, ಅರಸೀಕೆರೆ, ಬಾಣಾವರ, ಕಡೂರು, ಬೀರೂರು! ರಟ್ಟಿನ ಮೇಲೆ ದಪ್ಪ ತೆಲುಗು ಅಕ್ಷರದಲ್ಲಿ ಬರೆಸಿ ನೆಟ್ಟಿದ್ದರು.

ಘಾಟಿನಲ್ಲಿ ಟಿಕೆಟ್ ಕೊಡುವ ಅಪ್ಪಾರಾವು ಒಳ್ಳೆಯ ಮನುಷ್ಯ. ಮೆಲ್ಲಗೆ ಕೇಳಿದನಂತೆ, "ಮೇನೇಜರ್ ಗಾರು, ಒಂದು ಎರಡು ಮೂರು ಅಂತ ಇಟ್ಟರೆ ಆಗೋದಿಲ್ಲವೇನಂಡೀ?"

"ಒಂದು ಎರಡು ಅಂದ್ರೆ ಎರಡನೆಯವನು ಒಂದಕ್ಕೆ ನುಗ್ತಾನಪ್ಪ. ಕಡೂರಿನವನು ಬಾಣಾವರಕ್ಕೆ ಯಾಕೆ ಹೋಗ್ತಾನೆ?"

ಅಪ್ಪಾರಾವು ಮುಂದಿನವನಿಗೆ ಟಿಕೆಟ್ ಹರಿದುಕೊಟ್ಟ. ಬೋಟು ದಡಕ್ಕೆ ತಾಗಿದರೆ ಭಾವ ಕೈಯೆತ್ತಿ, "ಅರಸೀಕೆರೆಯವರು ಮಾತ್ರ ಬನ್ನಿ, ಬೀರೂರಿನವರು ತಡೆಯಿರಿ" ಎಂದು ತಮ್ಮ ತೆಲುಗಿನಲ್ಲಿ ಕೂಗುತ್ತಿದ್ದರು. ಗುಂಟೂರಿನವರು, ಏಲೂರಿನವರು, ಹುಟ್ಟಿದ ಮೇಲೆ ತುಂಗಭದ್ರೆ ದಾಟದವರು, "ನಮ್ಮದು ಅರಸೀಕೆರೆ, ನಮ್ಮದು ಅರಸೀಕೆರೆ" ಎನ್ನುತ್ತ ಮುಂದೆ ಬರುತ್ತಿದ್ದರು. ಕಾಲೇಜು ಹುಡುಗಿಯೊಬ್ಬಳು ಬಾಣಾವರವೆಂದರೆ ಯಾವ ದೇವರು ಅಂಕುಲ್ ಎಂದು ಕೇಳಿದಳಂತೆ. ಎಕ್ಸ್‌ಪ್ರೆಸ್ ರೈಲು ನಿಲ್ಲದ ದೇವರಮ್ಮ ಎಂದರಂತೆ ಭಾವ.

ಈ ಹೆಸರುಗಳನ್ನು ಊರಿನ ರೈಲು ಹಾದಿಯ ನೆನಪಿಗೆ ಇಟ್ಟಿರಬೇಕೆಂದು ನಾನು ನಗುತ್ತಿದ್ದೆ. ಒಮ್ಮೆ ಹೀಗೆ ನಗುವಾಗ ಅಕ್ಕ ನಗಲಿಲ್ಲ. ಪ್ರತಿ ವರ್ಷ ಟ್ರಾನ್ಸ್‌ಫರ್ ಅರ್ಜಿಯಲ್ಲಿ ಐದು ಊರಿನ ಹೆಸರು ಬರೆಯಲು ಜಾಗವಿರುತ್ತಿತ್ತಂತೆ. ಭಾವ ಬರೆಯುತ್ತಿದ್ದುದು ಈ ಐದನ್ನೇ. ಒಂದು ಸಲವೂ ಸಿಗಲಿಲ್ಲ.

ಸೈಕಲ್ಲಿಗೆ ಬೀಗ ಹಾಕಬಾರದು ಎನ್ನುವುದು ಅವರ ಇನ್ನೊಂದು ಕಾನೂನು. ಬೀಗ ಹಾಕಿದ ಸೈಕಲ್ಲು ಸರಿಸಲು ಬರುವುದಿಲ್ಲ. ಕಳ್ಳರ ಭಯವಿದ್ದವರಿಗೆ, ನನ್ನನ್ನು ನಂಬಿ, ನಾನು ಲಾಕರ್ ಕಾದವನು ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ನಾಲ್ಕಡಿ ದಾರಿಯ ನಟ್ಟನಡುವೆ ಸೈಕಲ್ ನಿಲ್ಲಿಸಿ, ಬೀಗ ಜಡಿದು, ಕೀಲಿಯೊಡನೆ ದ್ವೀಪಕ್ಕೆ ಹೊರಟುಹೋಯಿತು. ಭಾವ ಏನು ಮಾಡಿದರೆನ್ನುತ್ತೀರಿ? ಇಬ್ಬರು ಬೋಟಿನವರನ್ನು ಕರೆದು ಸೈಕಲ್ಲನ್ನು ಎತ್ತಿಸಿ ಮುಂದಿನ ಬೋಟಿಗೆ ಹತ್ತಿಸಿದರು. ಸೈಕಲ್ಲಿಗೆ ಎಷ್ಟು ಟಿಕೆಟ್ ಎಂದು ಅಪ್ಪಾರಾವು ತಲೆ ಕೆರೆದುಕೊಂಡರೆ, ಎತ್ತರ ನೋಡು, ಅರ್ಧ ಟಿಕೆಟ್ ಸಾಕು ಎಂದರು. ದ್ವೀಪದಲ್ಲಿ ಮರದ ಕೆಳಗೆ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಆ ಜೋಡಿಯ ಎದುರಿಗೆ ಇಬ್ಬರು ಆಳುಗಳು ಸೈಕಲ್ ಹೊತ್ತು ತಂದಿಟ್ಟಾಗ ಮದುಮಗಳು ಬಿದ್ದು ಬಿದ್ದು ನಕ್ಕಳಂತೆ. ಮದುಮಗ ನಗಲಿಲ್ಲ. ವಾಪಸು ತರುವಾಗ ಹೊತ್ತವನು ಅವನೇ.

ಊರು ಬದಲಾದರೂ ಚಾಳಿ ಬದಲಾಗುತ್ತಿರಲಿಲ್ಲ. ಒಮ್ಮೆ ವಿಶಾಖಪಟ್ಟಣಕ್ಕೆ ಬಂದಾಗ ಸಿಂಹಾಚಲಂ ಬೆಟ್ಟಕ್ಕೆ ಕರೆದುಕೊಂಡು ಹೋದೆ. ನಾನೂ ಅಕ್ಕನೂ ಕ್ಯೂನಲ್ಲಿ ನಿಂತು ದರ್ಶನ ಮುಗಿಸಿ ಬಂದು ನೋಡಿದರೆ ಭಾವ ಚಪ್ಪಲಿ ಬಿಡುವ ಜಾಗದಲ್ಲೇ ಇದ್ದಾರೆ. ಬಸ್ಸಿನಲ್ಲಿ ಇಳಿಯುವವರದು ಒಂದು ಕಡೆ, ಮೆಟ್ಟಿಲಲ್ಲಿ ಇಳಿಯುವವರದು ಒಂದು ಕಡೆ ಜೋಡಿಸುತ್ತಿದ್ದಾರೆ! ಅಲ್ಲಿಯ ಚಪ್ಪಲಿ ಕಾಯುವವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದ. ಇವರಿಗೆ ನರಸಿಂಹಸ್ವಾಮಿ ಬೇಡ, ಪಾದುಕೆ ಸಾಕು ಎಂದು ಅಕ್ಕ ಬೆಟ್ಟ ಇಳಿಯುವವರೆಗೂ ಗೊಣಗಿದಳು.

ಇಷ್ಟೆಲ್ಲ ಇದ್ದರೂ ಆ ನಾಲ್ಕಡಿ ಮಾತ್ರ ಅವರ ಕೈಗೆ ಸಿಗುತ್ತಿರಲಿಲ್ಲ. ಸಾಲುಗಳೇನೋ ನಿಂತವು, ನಡುವಿನ ದಾರಿ ಖಾಲಿ ಉಳಿಯಲಿಲ್ಲ. ಹಗ್ಗ ಕಟ್ಟಿದರು, ಜನ ಅದರ ಮೇಲೆ ಒದ್ದೆ ಟವೆಲ್ ಒಣಹಾಕಿದರು. ಸುಣ್ಣದ ಗೆರೆ ಎಳೆದರು, ಗೆರೆಯ ಮೇಲೆಯೇ ಸೈಕಲ್ ನಿಲ್ಲಿಸಿದರು. ಕಲ್ಲು ಇಟ್ಟರು, ಅದರ ಮೇಲೆ ಕೂತು ಜೋಳದ ತೆನೆ ತಿಂದರು. ಇನ್ನೊಂದು ಸಲ ಯಾರಾದರೂ ಬಿದ್ದರೆ ಏನು ಗತಿ ಎನ್ನುವುದೊಂದೇ ಭಾವನ ಚಿಂತೆ.

ಒಂದು ಬೆಳಿಗ್ಗೆ ಅವರಿಗೆ ತಮ್ಮ ಬೀದಿಯಲ್ಲೇ ಉಪಾಯ ಕಂಡಿತು. ಮನೆ ಮನೆಯ ಮುಂದೆ ಮುಗ್ಗು, ಅಂದರೆ ನಮ್ಮ ರಂಗೋಲಿ. ಸ್ಕೂಟರಿನವರು, ಹಾಲಿನವರು, ಪೇಪರಿನವರು ಎಲ್ಲರೂ ಅದನ್ನು ಬಳಸಿಕೊಂಡೇ ಹೋಗುತ್ತಿದ್ದಾರೆ. ಸಿಗ್ನಲ್ ಮುರಿಯುವವನೂ ಮುಗ್ಗು ತುಳಿಯುತ್ತಿಲ್ಲ! ಅಂದೇ ಅಕ್ಕನನ್ನು ತಾರಸಿಗೆ ಕರೆದು ಕಲಿಸು ಎಂದರು. ಹದಿನೈದು ದಿನ ಪಾಠ ನಡೆಯಿತು. "ಮದುವೆಯಾದ ಮೇಲೆ ನನ್ನ ಹತ್ರ ಕೇಳಿ ಕಲಿತದ್ದು ಇದೊಂದೇ ಕಣೋ. ಅದೂ ನೆಟ್ಟಗೆ ಬರ್ಲಿಲ್ಲ," ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ನಿಜ, ಅವರ ಕಮಲಗಳು ಕತ್ತರಿಸಿದ ಎಲೆಕೋಸಿನಂತಿರುತ್ತಿದ್ದವು. ಆದರೆ ಮಲಗುವ ಕೋಣೆಯ ಪರದೆಯ ಸರಳು ಬಿಚ್ಚಿ, ಅದರಿಂದ ನಾಲ್ಕಡಿ ಅಳೆದು, ಮೆಟ್ಟಿಲಿನಿಂದ ರಸ್ತೆಯವರೆಗೆ ಎರಡೂ ಅಂಚಿಗೆ ಎಲೆಕೋಸು ಬಿಡಿಸಿ, ನಡುನಡುವೆ ಅರಿಸಿನ ಕುಂಕುಮ ಇಟ್ಟರು ನೋಡಿ, ಒಂದು ಚಕ್ರವೂ ಒಳಗೆ ಬರಲಿಲ್ಲ. ಬೋಟಿಗೆ ಕಾಯುವ ಹೆಂಗಸರು ಬಗ್ಗಿ ಎಸಳುಗಳನ್ನು ತಿದ್ದಿಕೊಡುತ್ತಿದ್ದರು. ಭಾವ ಅದಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ಅಗಲ ಮಾತ್ರ ಮುಟ್ಟಬೇಡಿ ಎನ್ನುತ್ತಿದ್ದರು.

ಆ ಶನಿವಾರ ನಾನು ನೋಡಿದ್ದು ಇದನ್ನೇ. ರಂಗೋಲಿ ಮುಗಿಸಿ, ಸೊಂಟ ಹಿಡಿದುಕೊಂಡು ಎದ್ದು, ನನ್ನ ಹತ್ತಿರ ಬಂದರು.

"ನಾಳೆ ಒಂದಿನ ಇರೋ. ಕಾರ್ತಿಕದ ಭಾನುವಾರ. ವನಭೋಜನ ಅಂತ ಇಡೀ ಊರು ದ್ವೀಪಕ್ಕೆ ಹೊರಡುತ್ತೆ. ನನ್ನೊಬ್ಬನ ಕೈಲಿ ಆಗಲ್ಲ."

"ಡ್ಯೂಟಿ ಇದೆ ಭಾವ."

"ಸೋಮವಾರ ತಾನೆ?"

"ಇವತ್ತಿಗೇ ಟಿಕೆಟ್ ಆಗಿದೆ."

ಟಿಕೆಟ್ ಆಗಿದ್ದು ನಿಜ. ಅದನ್ನು ಬದಲಾಯಿಸಬಹುದಾಗಿತ್ತು ಎನ್ನುವುದೂ ನಿಜ. ರಸ್ತೆಯಲ್ಲಿ ರಂಗೋಲಿ ಕಾಯುತ್ತ ನಿಲ್ಲಲು ನನಗೆ ನಾಚಿಕೆಯಾಯಿತು. ಭಾವ ನನ್ನ ಮುಖ ನೋಡಿ, ಸರಿ ಹೋಗ್ಬಾ ಎಂದರು. ಬೇಜಾರಿನಿಂದಲ್ಲ, ಮಾಮೂಲಾಗಿ. ನಾನು ಮಧ್ಯಾಹ್ನದ ರೈಲಿಗೆ ಹೊರಟೆ.

ಮರುದಿನ ನಡೆದದ್ದನ್ನು ಅಪ್ಪಾರಾವು ಹೇಳಿದ. ಭಾವ ಎಂದಿನಂತೆ ಬಂದರಂತೆ. ಒಂದು ಅಂಚಿನ ರಂಗೋಲಿ ಪೂರ್ತಿ ಹಾಕಿದರು. ಇನ್ನೊಂದು ಅಂಚಿಗೆ ಮೆಟ್ಟಿಲ ಕಡೆಯಿಂದ ಶುರುಮಾಡಿ, ಅರ್ಧಕ್ಕೆ ಬರುವಷ್ಟರಲ್ಲಿ ಬಿಸಿಲು ಜಾಸ್ತಿ ಎಂದು ಹೋಗಿ ಮೆಟ್ಟಿಲ ಮೇಲೆ ಕೂತರು. ಬಿಸಿಲು ಇನ್ನೂ ಏರಿಯೇ ಇರಲಿಲ್ಲ. ರಂಗೋಲಿ ನಿಂತ ಜಾಗದಿಂದ ಸೈಕಲ್ಲುಗಳು ಒಳಗೆ ನುಗ್ಗಿದವು. ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲ. ಭಾವ ಕೂತಲ್ಲಿಂದಲೇ ಕೈ ಬೀಸಿ ಬೇಡವೆಂದರಂತೆ. ಒಂಬತ್ತೂವರೆಯ ಹೊತ್ತಿಗೆ ಪಕ್ಕಕ್ಕೆ ಒರಗಿದರು.

ಬೋಟಿನವರು ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡರು. ಅರ್ಧ ದಾರಿ ಸಲೀಸಾಗಿ ಬಂದರು. ಆಮೇಲೆ ದಾರಿಯಿರಲಿಲ್ಲ. ಕುರ್ಚಿ ಕೆಳಗಿಟ್ಟು, ಸೈಕಲ್ಲುಗಳನ್ನು ಎತ್ತಿ ಎತ್ತಿ ಆಚೆಗೆ ಎಸೆಯಬೇಕಾಯಿತು. "ಹತ್ತು ನಿಮಿಷ ಆಯಿತು ಸಾರ್," ಎಂದ ಅಪ್ಪಾರಾವು. ಅವನ ಕೈಗಳ ಮೇಲೆ ತರಚಿದ ಗಾಯವಿತ್ತು.

ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ನಾನು ತಲುಪುವ ಹೊತ್ತಿಗೆ ಸಂಜೆಯಾಗಿತ್ತು. ಭಾವನಿಗೆ ಎಚ್ಚರವಿತ್ತು. ಅಕ್ಕ ಕಾಲಿನ ಕಡೆ ನಿಂತಿದ್ದಳು. ನಾನು ಹತ್ತಿರ ಹೋದಾಗ ಭಾವ ಮೊದಲು ಕೇಳಿದ್ದು ಇಷ್ಟೇ.

"ನನ್ನ ತರೋವಾಗ ದಾರಿ ಖಾಲಿ ಇತ್ತೇನೋ?"

ಅವರಿಗೆ ಕುರ್ಚಿಯಲ್ಲಿ ಕೂರಿಸಿದ್ದು ನೆನಪಿರಲಿಲ್ಲ. ನಾನು ಅಪ್ಪಾರಾವಿನ ಹತ್ತಿರ ಎಲ್ಲ ಕೇಳಿಕೊಂಡೇ ಒಳಗೆ ಬಂದಿದ್ದೆ.

"ಖಾಲಿ ಇತ್ತು ಭಾವ. ಮೆಟ್ಟಿಲಿಂದ ಆಟೋ ತನಕ ಸೀದಾ ಎತ್ಕೊಂಡು ಬಂದ್ರಂತೆ."

ಭಾವ ಅಕ್ಕನ ಕಡೆ ನೋಡಿದರು. ನಾನು ಹೇಳುವುದೆಲ್ಲ ನಿಜವಲ್ಲವೆಂದು ಅವರಿಗೆ ಗೊತ್ತು, ಅಕ್ಕ ಮಾತ್ರ ಅವರ ಹತ್ತಿರ ಯಾವತ್ತೂ ಸುಳ್ಳಾಡಿದವಳಲ್ಲ. ಅವಳೂ ಅಪ್ಪಾರಾವಿನ ಮಾತು ಕೇಳಿದ್ದಳು.

"ಹೂಂ ರೀ. ಸೀದಾ ಬಂದ್ರು," ಎಂದಳು ಅಕ್ಕ.

"ಹಾಗಾದ್ರೆ ಸರಿ," ಎಂದು ಭಾವ ಕಣ್ಣು ಮುಚ್ಚಿದರು. ಮುಖದಲ್ಲಿ ಒಂದು ರೀತಿಯ ಸಮಾಧಾನವಿತ್ತು. ಮಂಗಳವಾರ ಬೆಳಿಗ್ಗೆ ತೀರಿಕೊಂಡರು.

ಆ ಹತ್ತು ನಿಮಿಷ ಉಳಿದಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿಲ್ಲ. ಅಕ್ಕನೂ ಕೇಳಿಲ್ಲ.

ಮೂರು ತಿಂಗಳ ಮೇಲೆ ಘಾಟಿನ ಎದುರು ಕಬ್ಬಿಣದ ಕಂಬಿ ಹಾಕಿದರು. ಸೈಕಲ್ಲುಗಳಿಗೆ ಬೇರೆ ಜಾಗ, ಮೇಲೆ ತಗಡಿನ ನೆರಳು, ಸಾಲುಗಳಿಗೆ ಒಂದರಿಂದ ಎಂಟರವರೆಗೆ ನಂಬರು. ಸಮವಸ್ತ್ರದ ಕಾವಲುಗಾರನೊಬ್ಬ ಇದ್ದಾನೆ. ಭಾನುವಾರವೂ ನೂಕುನುಗ್ಗಲು ಇಲ್ಲ. ಕಂಬಿಯ ನಡುವಿನ ದಾರಿಯನ್ನು ನಾನು ಹೋದ ತಿಂಗಳು ಅಳೆದು ನೋಡಿದೆ. ಐದಡಿ ಇದೆ.

ಭಾವ ಇಲ್ಲ.